ಲೇ ಹೋಗಿ ರಿ ಬಂದದ್ದು

ನಿನ್ನೆ ಬಬಲೇಶ್ವರದ ಬಸ್ಸಿನಲ್ಲಿ ಕಂಡಕ್ಟರರ ಕೈಗೆ ಕೊಟ್ಟು ಕಳಿಸಿದ ಒಂದು ರಟ್ಟಿನ ಡಬ್ಬಿ ಬಂತು. ಬಸ್‌ಸ್ಟ್ಯಾಂಡಿಗೆ ಹೋಗಿ ಇಸಿದುಕೊಂಡು ಬಂದು, ಅಥಣಿ ರಸ್ತೆಯ ನಮ್ಮ ಮನೆಯ ಕಟ್ಟೆಯ ಮೇಲಿಟ್ಟು ಹಗ್ಗ ಬಿಚ್ಚಿದೆ. ಒಣದ್ರಾಕ್ಷಿ. ಹೊಸ ಒಣದ್ರಾಕ್ಷಿಗೆ ಅದರದೇ ಒಂದು ವಾಸನೆಯಿದೆ. ಅರ್ಧ ಬೆಲ್ಲ, ಅರ್ಧ ಬಣ್ಣಕ್ಕೆಂದು ಹಾಕುವ ಗಂಧಕದ ಹೊಗೆ. ಸ್ವರ್ಗದ ಸಾಮಾನನ್ನು ನರಕದ ಗೋದಾಮಿನಲ್ಲಿಟ್ಟು ತಂದ ಹಾಗೆ. ಕಣ್ಣು ಮುಚ್ಚಿ ಮೂಸುತ್ತಿದ್ದವನನ್ನು ಎಚ್ಚರಿಸಿದವಳು ನನ್ನ ಹೆಂಡತಿ. ಅವಳು ಮುಚ್ಚಳದ ಮೇಲಿನ ಬರಹ ಓದುತ್ತಿದ್ದಳು: ‘ಮಾನ್ಯ ಪ್ರೊಫೆಸರ್ ಸಾಹೇಬರ ಸನ್ನಿಧಿಗೆ.’

“ಸನ್ನಿಧಿ ಅಂತ. ಮಂಗಳಾರತಿ ತರಲೇನ್ರಿ?” ಅಂದಳು.

ನನಗೆ ನಗು ಬರಲಿಲ್ಲ. ಡಬ್ಬಿ ಕಳಿಸಿದವರು ಇಮಾಮ ಕಾಕಾ. ಅವರು ನಮಗೆ ರಕ್ತಸಂಬಂಧಿಯಲ್ಲ; ನನ್ನ ಸೋದರಮಾವನ ಗೆಳೆಯ. ಮಾವ ತೀರಿಹೋದ ಮೇಲೆ ಕಾಕಾನ ಮನೆಯಿಂದ ಬಂದ ಮೊದಲ ಸುದ್ದಿ ಇದು, ಅದೂ ‘ಮಾನ್ಯ’ ಹಚ್ಚಿಕೊಂಡು ಬಂದಿದೆ. ಮಾವನ ಜೊತೆಗೆ ಕಾಕಾನೂ ನಮ್ಮ ಪಾಲಿಗೆ ಹೋದರೇ ಎಂದು ಹೆದರಿದೆ. ಒಂದು ‘ಮಾನ್ಯ’ಕ್ಕೆ ಇಷ್ಟು ಹೆದರುವುದೇ ಎಂದು ನೀವು ಕೇಳಬಹುದು. ಹೆದರಬೇಕು. ಯಾಕೆಂಬುದನ್ನು ಸಾವಕಾಶವಾಗಿ ಹೇಳುತ್ತೇನೆ, ನಿವೃತ್ತನಿಗೆ ಅವಸರವೆಲ್ಲಿಯದು?

ನಾನು ಈ ಊರಿನ ಕಾಲೇಜೊಂದರಲ್ಲಿ ಅಂತರರಾಷ್ಟ್ರೀಯ ಸಂಬಂಧಗಳನ್ನು ಕಲಿಸುತ್ತಿದ್ದೆ. ನನ್ನ ತಾಸು ಸದಾ ಊಟದ ನಂತರವೇ ಬೀಳುತ್ತಿತ್ತು. ವಿಜಯಪುರದ ಬೇಸಿಗೆಯ ಮಧ್ಯಾಹ್ನ ‘ಶಕ್ತಿ ಸಮತೋಲನ’ ಹೇಳುವಾಗ ಹೇಳುವವನಿಗೆ ಶಕ್ತಿ ಉಳಿದಿರುವುದಿಲ್ಲ, ಕೇಳುವವನಿಗೆ ಸಮತೋಲನ. ರಾಷ್ಟ್ರಗಳದೂ ಒಂದು ಸಮಾಜ, ಅದಕ್ಕೆ ಗೌಡನಿಲ್ಲ, ಪೊಲೀಸ್ ಠಾಣೆಯಿಲ್ಲ, ಬರೀ ಮರ್ಯಾದೆಯ ಮೇಲೆ ನಡೆಯುತ್ತದೆ ಎಂದು ಒಮ್ಮೆ ಹೇಳಿದೆ. ಹಿಂದಿನ ಬೆಂಚಿನವನೊಬ್ಬ ಕಣ್ಣು ತೆರೆದು, “ಮರ್ಯಾದಿ ಬಿಟ್ಟವರಿಗೆ ಏನ್ ಮಾಡ್ತಾರ್ರಿ ಸರ?” ಎಂದು ಕೇಳಿದ. “ಸಮಿತಿ ಮಾಡ್ತಾರ,” ಎಂದೆ. ಅವನು ಸಮಾಧಾನದಿಂದ ಮತ್ತೆ ಮಲಗಿದ. ಈಗ ದಿನಾ ಟೀವಿಯಲ್ಲಿ ದೊಡ್ಡ ದೊಡ್ಡ ದೇಶಗಳು ‘ತೀವ್ರ ಕಳವಳ’ ವ್ಯಕ್ತಪಡಿಸುವುದನ್ನು ನೋಡುತ್ತ ನನಗೂ ಹಾಗೆಯೇ ನಿದ್ದೆ ಬರುತ್ತದೆ. ಜೀವಮಾನವೆಲ್ಲ ಕಲಿಸಿದ ವಿಷಯವನ್ನು ನಾನು ಹತ್ತಿರದಿಂದ ಕಂಡದ್ದು ಒಂದೇ ಸಲ, ಅದೂ ತಿಕೋಟಾ ಮತ್ತು ಬಬಲೇಶ್ವರಗಳ ನಡುವೆ.

ತಿಕೋಟಾದಲ್ಲಿ ನನ್ನ ಸೋದರಮಾವ ಗುರಪ್ಪ ದ್ರಾಕ್ಷಿ ಬೆಳೆಯುತ್ತಿದ್ದ. ಬಬಲೇಶ್ವರದ ಇಮಾಮಸಾಹೇಬರು ಅದು ಒಣಗಿದ ಮೇಲೆ ಕೊಂಡು ಮಾರುತ್ತಿದ್ದರು. ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂತವರು. ಭೇಟಿಯಾದರೆ ಕಾಕಾ ದೂರದಿಂದಲೇ ಕೂಗುತ್ತಿದ್ದರು, “ಲೇ ಗುರ್ಯಾ, ಇನ್ನಾ ಜೀವಂತ ಅದೀಯೇನಲೇ?” ಮಾವನ ಉತ್ತರವೂ ಸದಾ ಒಂದೇ: “ನಿನ್ನ ಕಳಿಸಿನ ಹೋಗಾವ ನಾ.” ಅಲ್ಲಿಗೆ ಉಭಯ ಕುಶಲೋಪರಿ ಮುಗಿಯುತ್ತಿತ್ತು. ಆಮೇಲೆ ಒಣದ್ರಾಕ್ಷಿಯ ಚೀಲಗಳ ಮೇಲೆ ಕೂತು ಒಂದೇ ಕಪ್ಪಿನ ಚಹಾ. ಒಬ್ಬರಿಗೆ ಕಪ್ಪು, ಇನ್ನೊಬ್ಬರಿಗೆ ಅದರ ಕೆಳಗಿನ ಬಸಿ.

ನಮ್ಮ ಕಡೆಯ ‘ರಿ’ಯ ಬಗ್ಗೆ ಹೊರಗಿನ ಓದುಗರಿಗೆ ಒಂದು ಮಾತು. ನಾವು ಅದನ್ನು ಎಲ್ಲರಿಗೂ ಹಚ್ಚುತ್ತೇವೆ. ಡ್ರೈವರನಿಗೆ, ಡಾಕ್ಟರನಿಗೆ, ಕಾಲು ತುಳಿದವನಿಗೂ “ಕಣ್ಣ ಕಾಣಂಗಿಲ್ಲೇನ್ರಿ?” ಎನ್ನುತ್ತೇವೆ. ಮನೆಯವರನ್ನು ಬಿಟ್ಟರೆ, ಹಚ್ಚದೆ ಇರುವುದು ಎರಡೇ ಜಾತಿಯವರಿಗೆ: ಕಡುವೈರಿಗೆ, ಜೀವದ ಗೆಳೆಯನಿಗೆ. ಆದ್ದರಿಂದ ‘ಲೇ’ ಇದ್ದ ಕಡೆ ‘ರಿ’ ಬಂತೆಂದರೆ ಗೌರವ ಹೆಚ್ಚಾಯಿತೆಂದು ತಿಳಿಯಬಾರದು. ರಾಯಭಾರಿಯನ್ನು ವಾಪಸು ಕರೆಸಿದ್ದಾರೆ ಎಂದು ತಿಳಿಯಬೇಕು.

ಹಾಗೆ ಆದದ್ದು ಕಾಕಾನ ಮಗಳ ನಿಕಾದ ಹೊತ್ತಿಗೆ. ಕಾಕಾನ ಮಗ ರಫೀಕ್ ಕಲಿತ ಹುಡುಗ. ಎಲ್ಲರಿಗೂ ಕಾರ್ಡು ಬರೆದು ಕಳಿಸುವ ಕೆಲಸ ಅವನದು. ಅವನು ಹಿರಿಯರಿಗೆ ಮರ್ಯಾದೆ ಕೊಡುವವನು. ಮಾವನಿಗೆ ಹೋದ ಕಾರ್ಡಿನ ಮೇಲೆ ‘ಶ್ರೀಮಾನ್ ಗುರಪ್ಪನವರಿಗೆ’ ಎಂದು ಬರೆದ. ಮಾವ ಅದನ್ನು ಬಹಳ ಹೊತ್ತು ಹಿಡಿದು ಕೂತನಂತೆ. “ಇಮಾಮ ನನಗ ಶ್ರೀಮಾನ್ ಹಚ್ಯಾನ,” ಎಂದು ಅತ್ತೆಗೆ ತೋರಿಸಿದನಂತೆ, ಮನೆಗೆ ಕೋರ್ಟಿನ ನೋಟೀಸು ಬಂದವರ ಹಾಗೆ.

ನಿಕಾಕ್ಕೆ ಹೋದ. ಹೋಗದಿದ್ದರೆ ಬರೀ ಜಗಳವಾಗುತ್ತಿತ್ತು. ಹೋಗಿ, ಕಾಕಾನ ಮುಂದೆ ಕೈಮುಗಿದು, “ಏನ್ರಿ ಇಮಾಮಸಾಹೇಬ್ರ, ಆರಾಮ ಅದೀರಿ?” ಎಂದ. ಕಾಕಾ ಒಂದು ಗಳಿಗೆ ದಂಗಾದರು. ಆಮೇಲೆ ಅವರೂ ಅಷ್ಟೇ ಬಾಗಿ, “ಆರಾಮ್ರಿ ಗುರಪ್ಪನವರ. ನೀವ್ ಬಂದದ್ದು ಭಾಳ ಸಂತೋಷಾತ್ರಿ,” ಎಂದರು. ನನ್ನ ಪಾಠದಲ್ಲಿ ಇದಕ್ಕೆ ‘ಸಮಪ್ರಮಾಣದ ಪ್ರತಿಕ್ರಮ’ ಎಂಬ ಹೆಸರಿದೆ. ಆಗ ಪಕ್ಕದಲ್ಲೇ ಇದ್ದ ನನಗೆ ಅದು ಹೊಳೆಯಲಿಲ್ಲ. ನಾನು ಬಿರಿಯಾನಿಯ ಕಡೆ ನೋಡುತ್ತಿದ್ದೆ.

ಮುಂದಿನ ಸುಗ್ಗಿಯಲ್ಲಿ ಕಾಕಾ ಮಾಲು ನೋಡಲು ತಿಕೋಟಾಕ್ಕೆ ಬಂದಾಗ ಚೀಲದ ಬದಲು ಕುರ್ಚಿ ಬಂತು. ಮಾವ ಬಬಲೇಶ್ವರಕ್ಕೆ ಹೋದಾಗ ಅಲ್ಲಿ ಕುರ್ಚಿಗೆ ಗಾದಿ ಹಾಕಿದ್ದರು. ಇಲ್ಲಿ ಎರಡು ಕಪ್ಪು ಬಂದವು. ಅಲ್ಲಿ ಕಪ್ಪಿನ ಜೊತೆ ಬಿಸ್ಕೀಟು. ಸೌಜನ್ಯದ ಈ ಪೈಪೋಟಿ ಎಲ್ಲಿಗೆ ಮುಟ್ಟಿತೆಂದರೆ, ಮಾವ ಬಬಲೇಶ್ವರದಿಂದ ಬಂದ ದಿನ ರಾತ್ರಿ ಊಟ ಬಿಡತೊಡಗಿದ. ಅತ್ತೆ ನನಗೆ ಫೋನ್ ಮಾಡಿದಳು.

“ಏನೋ ಮಾಸ್ತರ, ದೇಶದೇಶದ ಜಗಳಾ ಬಗೀಹರಸೂದು ಕಲಸ್ತಿ ಅಂತಲ್ಲ. ಈ ಎರಡ ಮುದುಕರದು ಬಗೀಹರಸು ನೋಡೂಣು.”

“ಅತ್ತಿ, ನಾ ಕಲಸೂದು ಬರೇ ಥಿಯರಿ.”

“ಪಗಾರಾನೂ ಥಿಯರಿನ ಕೊಡ್ತಾರೇನು?”

ಹೀಗೆ ನಾನು ವಿಶೇಷ ದೂತನಾದೆ. ವಿದೇಶಾಂಗ ಸಚಿವರು ವಿಮಾನದಲ್ಲಿ ಮಾಡುವುದನ್ನು ನಾನು ಕೆಂಪು ಬಸ್ಸಿನಲ್ಲಿ ನಿಂತುಕೊಂಡು ಮಾಡಿದೆ. ಮಾವ ಹೇಳಿದ, “ನನಗೇನ ಸಿಟ್ಟಿಲ್ಲಪಾ. ಅವರು ದೊಡ್ಡ ವ್ಯಾಪಾರಸ್ಥರು. ಮರ್ಯಾದಿಲೇ ಮಾತಾಡಬೇಕಾಗ್ತೈತಿ.” ಕಾಕಾ ಹೇಳಿದರು, “ನಂದೂ ತಕರಾರಿಲ್ರಿ ಮಾಸ್ತರ್ರ. ಅವರು ಹ್ಯಾಂಗ ಮಾತಾಡ್ತಾರ, ನಾ ಹಂಗ. ಮೊದಲ ಅವರು ಬಿಡ್ಲಿ.” ಕಾರ್ಡು ಬರೆದವನು ರಫೀಕ್ ಎಂದು ಮಾವನಿಗೆ ಬಿಡಿಸಿ ಹೇಳಿದೆ. “ಬರದಾವ ಮಗ. ಕಳಿಸಿದಾವ ಯಾರು?” ಎಂದ. ಇಂಥ ಪ್ರಶ್ನೆಗೆ ಯಾವ ಮಹಾಸಭೆಯಲ್ಲೂ ಉತ್ತರ ಸಿಕ್ಕಿಲ್ಲ.

ಬಸ್ಸಿನಲ್ಲಿ ಇಟ್ಟಂಗಿಹಾಳದ ಹತ್ತಿರ ಬರುವಾಗ ನನಗೆ ಒಂದು ಸಂಗತಿ ತಿಳಿಯಿತು. ಇಬ್ಬರಿಗೂ ‘ರಿ’ ಸಾಕಾಗಿತ್ತು. ಬಿಡಲು ಹೆದರಿಕೆ. ನಾನು ‘ಲೇ’ ಅಂದು, ಅವನು ‘ಏನ್ರಿ’ ಅಂದುಬಿಟ್ಟರೆ? ಮುದಿ ವಯಸ್ಸಿನಲ್ಲಿ ಆ ಹೊಡೆತ ಯಾರು ತಿನ್ನುತ್ತಾರೆ? ಶಸ್ತ್ರ ಕೆಳಗಿಡಲು ಎರಡು ದೇಶಗಳು ಯಾಕೆ ಹಿಂಜರಿಯುತ್ತವೆ ಎಂಬುದನ್ನು ಅಷ್ಟು ವರ್ಷ ಬೋರ್ಡಿನ ಮೇಲೆ ಬಾಣ ಎಳೆದು ವಿವರಿಸಿದ್ದೆ. ಆ ಬಾಣಗಳಲ್ಲಿ ಇಷ್ಟು ಸಂಕಟವಿದೆ ಎಂದು ಅಂದುಕೊಂಡಿರಲಿಲ್ಲ.

ಕೊನೆಗೆ ಒಂದು ಶೃಂಗಸಭೆ ಏರ್ಪಡಿಸಿದೆ. ಸ್ಥಳ, ಮಾವನ ಒಣದ್ರಾಕ್ಷಿ ಶೆಡ್ಡು. ಕಬ್ಬಿಣದ ಕಂಬಗಳ ನಡುವೆ ಅಂತಸ್ತು ಅಂತಸ್ತಾಗಿ ಬಲೆ, ಬಲೆಯ ಮೇಲೆ ದ್ರಾಕ್ಷಿ. ಮುಂದೆ ಎರಡು ಕುರ್ಚಿ, ಎರಡು ಕಪ್ಪು. “ಬಿಸಲ ಭಾಳ ಐತ್ರಿ.” “ಹೌದ್ರಿ, ಭಾಳ ಐತ್ರಿ.” ಮಾತುಕತೆ ಸೌಹಾರ್ದಯುತ ವಾತಾವರಣದಲ್ಲಿ ಸಾಗುತ್ತಿತ್ತು, ಅಂದರೆ ಏನೂ ಆಗುತ್ತಿರಲಿಲ್ಲ. ಅಷ್ಟರಲ್ಲಿ ಪಡುವಣ ದಿಕ್ಕು ಕಪ್ಪಾಯಿತು. ಒಣಗುವ ದ್ರಾಕ್ಷಿಗೆ ನಾಲ್ಕು ಹನಿ ಬಿದ್ದರೂ ಮಾಲು ಕಪ್ಪಾಗಿ ಹೋಗುತ್ತದೆ. ಗಾಳಿ ಎದ್ದು ಮೇಲಿನ ತಾಡಪಾಲು ಹಾರತೊಡಗಿದ್ದೇ ತಡ, ಮಾವ ಚಪ್ಪಲಿ ಬಿಟ್ಟು ಕಂಬ ಹತ್ತಿಬಿಟ್ಟ. ಆ ವಯಸ್ಸಿನಲ್ಲಿ. ಶೆಡ್ಡು ಅಲುಗಾಡುತ್ತಿತ್ತು. ನಾನು “ಮಾಮಾ, ಮಾಮಾ” ಎನ್ನುತ್ತ ನಿಂತಲ್ಲೇ ತೀವ್ರ ಕಳವಳ ವ್ಯಕ್ತಪಡಿಸಿದೆ.

ಕಾಕಾನ ಕೈಯ ಕಪ್ಪು ನೆಲಕ್ಕೆ ಬಿತ್ತು.

“ಲೇ ಗುರ್ಯಾ, ಇಳೀಲೇ ಕೆಳಗ, ಹುಚ್ಚಪ್ಯಾಲಿ! ಬಿದ್ದ ಸತ್ತ ಗಿತ್ತೀ!”

ಮೇಲೆ ಮಾವನ ಕೈ ನಿಂತಿತು. ಆಮೇಲೆ ಹಗ್ಗದ ತುದಿಯೊಂದು ಕಾಕಾನ ಮುಖಕ್ಕೆ ಬಂದು ಬಡಿಯಿತು.

“ಒದರೂದ ಬಿಟ್ಟ ಹಗ್ಗಾ ಹಿಡೀಲೇ, ಶ್ರೀಮಾನ್.”

ಜಂಟಿ ಹೇಳಿಕೆ ಅಷ್ಟೇ. ಮಳೆ ನಮ್ಮ ತಲೆಯ ಮೇಲೆ ಹಾದು ಮುಂದೆ ಹೋಯಿತು. ಒಂದು ಕಪ್ಪು ಒಡೆದದ್ದರಿಂದ ಉಳಿದ ಚಹಾವನ್ನು ಕಪ್ಪು–ಬಸಿಯಲ್ಲಿ ಹಂಚಿಕೊಂಡರು. ನನಗೆ ಬೇಕೇ ಎಂದು ಯಾರೂ ಕೇಳಲಿಲ್ಲ. ದೂತರ ಹಣೆಬರಹವೇ ಅಷ್ಟು.

ಹೋದ ವರ್ಷ ಮಾವ ತೀರಿಕೊಂಡ. ಕಾಕಾ ಕೋಲೂರಿಕೊಂಡು ಬಂದು, ಅವನ ತಲೆಯ ಹತ್ತಿರ ಕೂತು, ಮೆಲ್ಲಗೆ, “ಸುಳ್ಳ ಹೇಳಿದ್ಯಲ್ಲಲೇ ಗುರ್ಯಾ, ನನ್ನ ಕಳಿಸಿನ ಹೋಗಾವ ಅಂದಿದ್ದಿ,” ಎಂದರು. ಅವರಿಗೆ ‘ಲೇ’ ಅನ್ನುವವರು ಆ ದಿನದಿಂದ ಯಾರೂ ಉಳಿಯಲಿಲ್ಲ. ನನಗೂ ಹಾಗೆಯೇ ಆಗುತ್ತ ಬಂದಿದೆ. ಎಲ್ಲಿ ಹೋದರೂ ‘ಬರ್ರಿ ಸರ, ಕುಂದರ್ರಿ ಸರ’. ಗೌರವ ಹೆಚ್ಚುತ್ತಿದೆ, ಜನ ಕಡಿಮೆಯಾಗುತ್ತಿದ್ದಾರೆ.

ಇಷ್ಟೆಲ್ಲ ನೆನೆದು, ಡಬ್ಬಿಯ ಮುಂದೆ ಕೂತೇ ಬಬಲೇಶ್ವರಕ್ಕೆ ಫೋನ್ ಹಚ್ಚಿದೆ. ಮುಟ್ಟಿತೆಂದು ಹೇಳಿದೆ. ಆಮೇಲೆ ತಡೆಯಲಾರದೆ, “ಕಾಕಾ, ಡಬ್ಬಿ ಮ್ಯಾಲ ಯಾರ ಬರದಾರ್ರಿ?” ಎಂದೆ.

“ಯಾಕ? ನನಗ ಕಣ್ಣ ಕಾಣಂಗಿಲ್ಲ. ರಫೀಕ ಬರದಾನ. ಏನ ಬರದಾನ ಅಂವಾ?”

“ಸನ್ನಿಧಿಗೆ ಅಂತ ಬರದಾನ್ರಿ.”

ಆ ಕಡೆ ಬಹಳ ಹೊತ್ತು ಕೆಮ್ಮಿದರು, ನಕ್ಕದ್ದೂ ಇರಬಹುದು. “ಆ ಮಗಗ ಇನ್ನಾ ಬುದ್ಧಿ ಬಂದಿಲ್ಲ,” ಎಂದರು. ನಾನು ಕಾಲೇಜು ಸೇರಿದಾಗಿನಿಂದ ನನ್ನನ್ನು ‘ಮಾಸ್ತರ್ರ’ ಎಂದೇ ಕರೆಯುತ್ತ ಬಂದ ಆ ಮನುಷ್ಯ, ಮಾವನನ್ನು ಕೂಗುತ್ತಿದ್ದ ಹಳೆಯ ದನಿಯಲ್ಲಿ ಕೇಳಿದರು:

“ಅದಿರ್ಲಿ. ನೀ ಯಾವಾಗ ಬರ್ತೀಲೇ?”

ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾಳೆಯೇ ಬರುತ್ತೇನೆ ಎಂದು ಹೇಳಬೇಕೆನಿಸಿತು. ನಾಲಿಗೆ ತುದಿಗೆ ‘ಬರ್ತೇನ್ರಿ’ ಬಂದು ನಿಂತಿತ್ತು, ಜೀವಮಾನದ ರೂಢಿ.

“ನಾಳೆ ಬರ್ತೇನಿ, ಕಾಕಾ,” ಎಂದೆ.