ತವರಿನ ವಾಷಿಂಗ್ ಮಷೀನ್

“ಅಕ್ಕಾರ, ನಿಮ್ಮ ಹೆಸರಿಲೆ ಒಂದು ಸಾಲ ಬಾಕಿ ಐತ್ರಿ,” ಎಂದರು ಸಿಂದಗಿಯ ಬ್ಯಾಂಕಿನ ಅಧಿಕಾರಿ. ನಾನು ನಕ್ಕುಬಿಟ್ಟೆ. ರೊಟ್ಟಿ ಬಡಿದು ಮಾರುವ ಹೆಂಗಸು ನಾನು. ಕಿರಾಣಿ ಅಂಗಡಿಯ ಉದ್ರಿ ಉಳಿದರೂ ನಿದ್ದೆ ಬರುವುದಿಲ್ಲ. ರೊಟ್ಟಿ ಮಾಡುವ ಯಂತ್ರ ಕೊಳ್ಳಬೇಕೆಂದು ಜೀವನದಲ್ಲಿ ಮೊದಲ ಸಲ ಸಾಲ ಕೇಳಲು ಬಂದಿದ್ದೆ. ಯಂತ್ರ ಬಂದರೆ ಇಂಡಿ, ಮುದ್ದೇಬಿಹಾಳದ ಖಾನಾವಳಿಗಳ ಆರ್ಡರ್ ಹಿಡಿಯಬಹುದಿತ್ತು.

“ಬ್ಯಾರೆ ಯಾರದರೆ ಇರಬೇಕು, ಇನ್ನೊಮ್ಮಿ ನೋಡ್ರಿ,” ಎಂದೆ.

ಅವರು ಕ್ರೆಡಿಟ್ ರಿಪೋರ್ಟಿನ ಪ್ರಿಂಟ್ ತೆಗೆದು ಮುಂದಿಟ್ಟರು. ಹೆಸರು ನನ್ನದು, ಪ್ಯಾನ್ ನನ್ನದು, ಹುಟ್ಟಿದ ದಿನವೂ ನನ್ನದೇ. ಕೆಳಗೆ ಸಣ್ಣ ಸಣ್ಣ ಚೌಕಗಳು. ಒಂದು ಚೌಕವೆಂದರೆ ಒಂದು ತಿಂಗಳು, ಕಂತು ಎಷ್ಟು ದಿನ ತಡವಾಗಿದೆ ಎಂಬುದು ಅದರೊಳಗೆ ಇರುತ್ತದೆ ಎಂದು ಪೆನ್ನಿನ ತುದಿಯಿಂದ ತೋರಿಸಿದರು. ಮೊದಮೊದಲು ಸೊನ್ನೆ. ಆಮೇಲೆ ಮೂವತ್ತು, ಅರವತ್ತು, ತೊಂಬತ್ತು. ಇಲ್ಲಿ ಸೊನ್ನೆಯೇ ಒಳ್ಳೆಯದಂತೆ. ಶಾಲೆಯಲ್ಲಿ ಸೊನ್ನೆಗೆ ಅತ್ತವಳು ನಾನು, ಈಗ ತೊಂಬತ್ತಕ್ಕೆ ಅಳಬೇಕಾಗಿತ್ತು.

“ಯಾತರ ಸಾಲರಿ ಇದು?”

“ವಾಷಿಂಗ್ ಮಷೀನಿಂದ್ರಿ.”

ನಮ್ಮ ಮನೆಯಲ್ಲಿರುವುದು ಒಂದೇ ವಾಷಿಂಗ್ ಮಷೀನ್. ಅದನ್ನು ನಾಗರಪಂಚಮಿಗೆ ನನ್ನ ತಮ್ಮ ಕೊಟ್ಟಿದ್ದ.

ಆ ವರ್ಷ ಪಂಚಮಿಗೆಂದು ಕೊಲ್ಹಾರದ ತವರಿಗೆ ಹೋಗಿದ್ದೆ. ಶೇಂಗಾ ಉಂಡಿ ಕಟ್ಟುತ್ತ ಕೂತಿದ್ದಾಗ ತಮ್ಮ ಬಂದು, “ಅಕ್ಕಾ, ನಿನ್ನ ಆಧಾರ್, ಪ್ಯಾನ್ ಕೊಡು. ನಿನಗ ಕೊಡೋ ಮಷೀನಿನ ವಾರಂಟಿ ನಿನ್ನ ಹೆಸರಿಲೆ ಇರ್ಲಿ. ಫೋನಿಗೆ ಒಂದು ನಂಬರ್ ಬರ್ತೈತಿ, ನಾನ ನೋಡ್ಕೊಂತೇನಿ,” ಎಂದ. ಕೈತುಂಬ ಬೆಲ್ಲದ ಅಂಟು. ಮೊಣಕೈಯಿಂದಲೇ ಫೋನನ್ನು ಅವನತ್ತ ಸರಿಸಿದ್ದೆ. ಹಬ್ಬದ ದಿನ, ಒಡಹುಟ್ಟಿದವನು. ಏನು, ಯಾಕೆ ಎಂದು ಯಾರು ಕೇಳುತ್ತಾರೆ? ಮಷೀನು ಸಿಂದಗಿಯ ಗಂಡನ ಮನೆಗೆ ಬಂದಾಗ ಅತ್ತೆ ಅದಕ್ಕೆ ಕುಂಕುಮ ಹಚ್ಚಿ, ಓಣಿಯ ಹೆಂಗಸರನ್ನೆಲ್ಲ ಕರೆದು, “ತವರು ಅಂದ್ರ ಹಿಂಗಿರಬೇಕು ನೋಡ್ರಿ,” ಎಂದಿದ್ದರು. ನಾನೂ ಬೀಗಿದ್ದೆ.

“ನಾನು ತಗೊಂಡಿಲ್ಲ ಅಂತ ತಕರಾರು ಬರದು ಕೊಡಬಹುದ್ರಿ,” ಎಂದರು ಅಧಿಕಾರಿ. “ಆದ್ರ ಮತ್ತ್ಯಾರು ತಗೊಂಡ್ರು ಅಂತ ಸಾಲ ಕೊಟ್ಟವರು ಕೇಳ್ತಾರ. ಇಲ್ಲಾಂದ್ರ ಬಾಕಿ ತುಂಬಬೇಕು.”

ಹೊರಗೆ ಬಂದು ತಮ್ಮನಿಗೆ ಫೋನ್ ಮಾಡಿದೆ. ಬೈಯಬೇಕೆಂದಿದ್ದವಳು, “ಆ ಮಷೀನು ನನ್ನ ಹೆಸರಿಲೆ ಸಾಲ ಮಾಡಿ ತಂದಿದ್ದೇನು?” ಎಂದಷ್ಟೇ ಕೇಳಿದೆ.

“ಏನ್ ಮಾಡ್ಲಿ ಅಕ್ಕಾ? ನನ್ನ ಹೆಸರಿಗೆ ಸಾಲ ಕೊಡ್ಲಿಲ್ಲ. ಹಬ್ಬಕ್ಕ ಬಂದಾಕಿನ್ನ ಬರಿಗೈಲೆ ಹೆಂಗ ಕಳಸ್ಲಿ? ಕಂತು ನಾನ ಕಟ್ಟಾಕತ್ತಿದ್ದೆ, ನಡುವ ಆಗಲಿಲ್ಲ. ನಮ್ಮ ಮನ್ಯಾಗ ನಿನ್ನ ಹೆಸರೊಂದ ಸಾಫ್ ಇತ್ತು.”

ಸಾಫ್ ಇತ್ತಂತೆ! ಓಣಿಗೆಲ್ಲ ತೋರಿಸಿ ಮೆರೆದದ್ದು ನನ್ನದೇ ಸಾಲವನ್ನು. ತಮ್ಮನ ಮೇಲೆ ತಕರಾರು ಬರೆಯಲು ಕೈ ಬರಲಿಲ್ಲ. ರೊಟ್ಟಿ ಯಂತ್ರಕ್ಕೆಂದು ಕೂಡಿಟ್ಟ ಹಣವನ್ನು ವಾಷಿಂಗ್ ಮಷೀನಿನ ಬಾಕಿಗೆ ಸುರಿದೆ. ಬಾಕಿ ತೀರಿದರೂ ಆ ತೊಂಬತ್ತು ಅಷ್ಟು ಬೇಗ ಅಳಿಯುವುದಿಲ್ಲವಂತೆ, ಅದಿರುವ ತನಕ ಹೊಸ ಸಾಲವಿಲ್ಲವಂತೆ. ಖಾನಾವಳಿಯ ಆರ್ಡರ್ ಬೇರೆಯವರ ಪಾಲಾಯಿತು. ಅತ್ತೆಗೆ ಏನೂ ಹೇಳಲಿಲ್ಲ, ಅವರು ಇವತ್ತಿಗೂ ತವರನ್ನು ಹೊಗಳುತ್ತಾರೆ.

ಈ ಸಲ ಪಂಚಮಿಗೆ ಕರೆಯಲು ತಮ್ಮ ತಾನೇ ಬಂದ. ಅತ್ತೆ ಚಹಾಕ್ಕಿಡಲು ಒಳಗೆ ಹೋದಾಗ ಸೀರೆಯೊಂದನ್ನು ನನ್ನ ಮುಂದಿಟ್ಟ. ಮಡಿಕೆ ಬಿಚ್ಚುವ ಮೊದಲೇ ನನ್ನ ಬಾಯಿಂದ ಮಾತು ಬಂದುಬಿಟ್ಟಿತು.

“ಯಾರ ಹೆಸರಿಲೆ ತಂದಿ?”

ಕೇಳಿದ ಮೇಲೆ ನನಗೇ ಗಾಬರಿಯಾಯಿತು. ಅವನು ಬೇಜಾರು ಮಾಡಿಕೊಳ್ಳಲಿಲ್ಲ, ನಗಲೂ ಇಲ್ಲ. ಅಂಗಿಯ ಜೇಬಿನಿಂದ ನಗದು ಕೊಟ್ಟ ರಸೀದಿ ತೆಗೆದು ಸೀರೆಯ ಮೇಲಿಟ್ಟ. ನಾನು ಕೇಳಿಯೇ ಕೇಳುತ್ತೇನೆಂದು ಕೊಲ್ಹಾರದಿಂದಲೇ ಅದನ್ನು ಮಡಿಚಿಟ್ಟುಕೊಂಡು ಬಂದಿದ್ದ.