ಮೂರು ಸುತ್ತಿನ ಕೊಂಬು

ಭಾನುವಾರ ಬೆಳಿಗ್ಗೆ ಅರಸೀಕೆರೆಯಲ್ಲಿ ನನ್ನ ಮಗಳ ಮನೆಯ ಬೀದಿಯ ತುದಿಗೆ ಕುರಿಯ ತಲೆ, ಕಾಲು ಸುಡುವವನು ಬಂದು ಕೂರುತ್ತಾನೆ. ಗ್ಯಾಸಿನ ಬೆಂಕಿ ಭುಸ್ಸೆಂದು ಹೊತ್ತಿಸಿ ಮೊದಲು ಕೂದಲು ಸುಡುತ್ತಾನೆ. ಆ ವಾಸನೆ ನನಗೇನೂ ಮಾಡುವುದಿಲ್ಲ. ಆಮೇಲೆ ಬೆಂಕಿ ಕೊಂಬಿನ ಬುಡಕ್ಕೆ ತಗುಲುತ್ತದೆ. ಆಗ ಏಳುವ ವಾಸನೆಯೇ ಬೇರೆ. ಉಗುರು ಸುಟ್ಟ ಹಾಗೆ ಇರುತ್ತದೆ, ಗಂಟಲಿನ ಹಿಂದೆ ಹೋಗಿ ಕೂತುಬಿಡುತ್ತದೆ, ನೀರು ಕುಡಿದರೂ ಇಳಿಯುವುದಿಲ್ಲ. ಮಗಳು "ಕಿಟಕಿ ಹಾಕ್ಲೇನವ್ವ?" ಎನ್ನುತ್ತಾಳೆ. ಹಾಕು ಅನ್ನುತ್ತೇನೆ. ಹಾಕಿದರೂ ಅಷ್ಟೆ. ನಾನು ಚಿಕ್ಕವಳಿದ್ದಾಗ ಒಂದು ಸಂಜೆ ನಮ್ಮ ಮನೆಯ ಅಂಗಳದಲ್ಲಿ ಗೋಡೆಯ ಮೇಲಿದ್ದ ಕೊಂಬುಗಳನ್ನೆಲ್ಲ ಕಿತ್ತು ಸುಟ್ಟರು. ನನ್ನ ಚಿಕ್ಕಪ್ಪನನ್ನು ಮಣ್ಣು ಮಾಡಿ ಬಂದ ಸಂಜೆ ಅದು. ಅವನನ್ನು ಕೊಂದವನು ನಮ್ಮಪ್ಪ. ಹೊಡಿ ಎಂದವನು ನಮ್ಮ ತಾತ. ಇಬ್ಬರಿಗೂ ಅವನೆಂದರೆ ಪ್ರಾಣ. ಇದನ್ನು ನಯ ಮಾಡಿ ಹೇಳಲು ನನಗೆ ಬರುವುದಿಲ್ಲ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು.

ಗಂಡಸಿ ಕಡೆಯ ಊರು ನಮ್ಮದು. ಊರ ಹಿಂದೆ ತೆಂಗಿನ ತೋಟ, ತೋಟ ದಾಟಿದರೆ ರಾಗಿ ಹೊಲ, ಹೊಲ ಮುಗಿದಲ್ಲಿ ಕಾವಲು. ಕಾವಲೆಂದರೆ ಹಿಂದೆ ಸರ್ಕಾರದ ದನ ಮೇಯಲು ಬಿಟ್ಟಿದ್ದ ಬಯಲು. ಕಣ್ಣು ಹೋದಷ್ಟು ದೂರ ಹುಲ್ಲು, ಅಲ್ಲಲ್ಲಿ ಸೊಂಟದುದ್ದದ ತಂಗಡಿ ಗಿಡ, ಒಂದೊಂದು ಜಾಲಿ. ಅಲ್ಲಿ ಹುಲ್ಲೆಗಳಿದ್ದವು. ಓದಿದವರು ಕೃಷ್ಣಮೃಗ ಎನ್ನುತ್ತಾರೆ. ಹೆಣ್ಣು, ಮರಿ ಎಲ್ಲ ಕಂದು. ಬಲಿತ ಗಂಡು ಮಾತ್ರ ಕಪ್ಪು. ಹೊಟ್ಟೆ ಬಿಳಿ, ತಲೆಯ ಮೇಲೆ ಹುರಿ ಹೊಸೆದ ಹಾಗೆ ತಿರುಚಿಕೊಂಡ ಉದ್ದನೆಯ ಕೊಂಬು. ನಮ್ಮ ಮನೆಯ ಪಡಸಾಲೆಯ ಗೋಡೆ ತುಂಬ ಅವೇ ಕೊಂಬುಗಳಿದ್ದವು. ಒಂದರಲ್ಲಿ ತಾತನ ರುಮಾಲು, ಒಂದರಲ್ಲಿ ಕುಡುಗೋಲು, ಒಂದರಲ್ಲಿ ಬೀಜಕ್ಕೆ ಕಟ್ಟಿಟ್ಟ ಜೋಳದ ತೆನೆ. ಹೊಂಗೆ ಎಣ್ಣೆ, ಕಂಬಳಿ, ಕೋವಿಯ ಮದ್ದು ಮೂರೂ ಕಲೆತ ವಾಸನೆ ಆ ಪಡಸಾಲೆಯದು. ಅಟ್ಟದ ಮೇಲೆ ಇಲಿ ಓಡಿದರೆ ಒಣಗಿದ ಕೊಬ್ಬರಿ ಚಿಪ್ಪಿನೊಳಗೇ ಗಡಗಡ ಅನ್ನುತ್ತಿತ್ತು. ನೀವೂ ಇಂಥದೊಂದು ಮನೆಯಲ್ಲಿ ಬೆಳೆದವರಾದರೆ ಆ ಸದ್ದು ನಿಮಗೆ ಗೊತ್ತಿರುತ್ತದೆ. ಇಲ್ಲವಾದರೆ ಹೇಳಿ ಗೊತ್ತು ಮಾಡಿಸುವಂಥದ್ದಲ್ಲ.

ಈಗ ಹುಲ್ಲೆಯನ್ನು ಮುಟ್ಟಿದರೆ ಜೈಲು. ಆಗ ಕಾನೂನು ಏನಿತ್ತೋ ನನಗೆ ತಿಳಿಯದು. ನಮ್ಮ ಮನೆಗೆ ತಾತನ ಕಟ್ಟುಪಾಡೇ ಕಾನೂನು. ಕೋವಿ ಹಿಡಿದವನು ಪ್ರಾಣಿಯನ್ನು ಆರಿಸಬಾರದು ಎನ್ನುವುದು ಆ ಕಟ್ಟುಪಾಡು. ನೋಡುವವನು ಬೇರೆ, ಹೊಡೆಯುವವನು ಬೇರೆ. ನೋಟ ತಾತನದು, ಈಡು ಅಪ್ಪನದು. ತಾತ ಪಕ್ಕದಲ್ಲಿ ಕೂತು ನೋಡಬೇಕು: ಕೊಂಬಿಗೆ ಮೂರು ಸುತ್ತು ಪೂರ್ತಿ ಬಂದಿದೆಯೇ, ಕತ್ತು ಬೆನ್ನು ಕರ್ರಗಾಗಿದೆಯೇ, ಹಿಂಡಿನಿಂದ ಹೊರಗೆ ಬಿದ್ದ ಒಂಟಿಯೇ. ಎಲ್ಲ ಸರಿಯಿದ್ದರೆ "ಸೈ" ಅನ್ನಬೇಕು. ಅಂದರೆ ಅಪ್ಪ ಹೊಡೆಯಬೇಕು, ಅನ್ನದಿದ್ದರೆ ಕೋವಿ ಇಳಿಸಬೇಕು. ಅಪ್ಪ ಕೊಂಬಿನ ಕಡೆ ಕಣ್ಣು ಹಾಯಿಸಲೂ ಬಾರದು. ಅವನ ಕಣ್ಣು ಮುಂಗಾಲಿನ ಮೇಲೆ ಅಂಗೈ ಅಗಲದ ಜಾಗದಲ್ಲಿ ನಿಂತಿರಬೇಕು. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದೆ. ತಾತ ಹೇಳಿದ್ದ: "ಕೋವಿ ಹಿಡ್ದೋನಿಗೆ ಹಸಿವು ಜಾಸ್ತಿ ಕಣ್ ಮಗಾ. ಅವನಿಗೆ ಮರಿನೂ ಬಲ್ತಿರೋ ಹಂಗೆ ಕಾಣ್ತದೆ." ನೆನೆಸಿದ ತೆಂಗಿನ ನಾರನ್ನು ತೊಡೆಯ ಮೇಲೆ ಹೊಸೆದು, ನನ್ನ ಬೆರಳಿಗೆ ಸುತ್ತಿ, ಎರಡು ಸುತ್ತಿಗೂ ಮೂರು ಸುತ್ತಿಗೂ ಇರುವ ವ್ಯತ್ಯಾಸವನ್ನು ಮುಟ್ಟಿಸಿ ತೋರಿಸುತ್ತಿದ್ದ. ಒಂದು ಸಲ ಮನೆ ತುಂಬ ನೆಂಟರು ಬಂದಿದ್ದರು, ಒಲೆ ಹೊತ್ತಿಸಿ, ಮಸಾಲೆ ಅರೆದು ಸಿದ್ಧ. ತಾತ, ಅಪ್ಪ ಬರಿಗೈಯಲ್ಲಿ ಬಂದರು. ನೆಂಟನೊಬ್ಬ, "ಏನ್ ಗೌಡ್ರೆ, ಕಾವಲಲ್ಲಿ ಹುಲ್ಲೆ ಖಾಲಿ ಆದ್ವಾ?" ಎಂದು ಕೆಣಕಿದ. "ಐತೆ. ಅದಕ್ಕಿನ್ನೊಂದು ಅರ್ಧ ಸುತ್ತು ಬರಬೇಕು. ಮುಂದಿನ ವರ್ಷ ಬನ್ನಿ" ಎಂದು ತಾತ ಕಾಲು ತೊಳೆಯಲು ಹೋದ. ಅವತ್ತು ಎಲ್ಲರೂ ಹುರುಳಿ ಸಾರು ಉಂಡರು. ಗೊಣಗಿದವರಿದ್ದರು, ತಿರುಗಿ ಹೇಳಿದವರಿಲ್ಲ.

ಆ ತಾತನ ಕಣ್ಣಿಗೆ ಪೊರೆ ಬಂತು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವನೊಬ್ಬ ಒಪ್ಪುತ್ತಿರಲಿಲ್ಲ. ಚೊಂಬಿಗೆ ಬಗ್ಗಿಸಿದ ನೀರು ನೆಲಕ್ಕೆ ಬೀಳುತ್ತಿತ್ತು. ಕೊಟ್ಟಿಗೆಗೆ ಹೋಗುವಾಗ ಗೋಡೆ ಸವರಿಕೊಂಡು ಹೋಗುತ್ತಿದ್ದ. ಅಜ್ಜಿ ಬಾಯಿ ಬಿಟ್ಟೇ ಹೇಳಿದಳು: "ನಮ್ಮ ಕರಿ ಹಸಾನೇ ಯಾರ್ದೋ ಎಮ್ಮೆ ಅಂತ ಹೊರಕ್ಕೆ ಅಟ್ಟಿದ್ರಲ್ಲ, ಹಾಸನಕ್ಕೋಗಿ ಪೊರೆ ತೆಗೆಸ್ಕಬಾರದಾ?" ತಾತ, "ನನ್ನ ಕಣ್ಣು ನಂಗೊತ್ತು, ನೀನು ಒಲೆ ನೋಡು" ಎಂದ. ಆ ಚಳಿಗಾಲದಲ್ಲೇ ಅವರು ಕಾವಲಿನಿಂದ ಒಂದು ಹೆಣ್ಣು ಹುಲ್ಲೆಯನ್ನು ಹೊತ್ತು ತಂದರು. ಹೆಣ್ಣಿಗೆ ಕೊಂಬೇ ಇರುವುದಿಲ್ಲ. ಅದರ ಹಿಂದೆ ಒಣಗಿದ ಜಾಲಿ ಕೊಂಬೆಯಿತ್ತಂತೆ. ಬೆಳಗಿನ ಮಬ್ಬಿನಲ್ಲಿ ತಾತನಿಗೆ ಅದೇ ಕೊಂಬಾಗಿ ಕಂಡಿತ್ತು. "ಗುರಿ ತಪ್ತು, ಗಂಡಿಗೆ ಹೊಡೆದೆ, ಇದಕ್ಕೆ ಬಿತ್ತು" ಎಂದು ಅಪ್ಪ ಸುಳ್ಳು ಹೇಳಿದ. ಅಜ್ಜಿ ಹೊಟ್ಟೆ ಸೀಳಿದಾಗ ಒಳಗೆ ಮರಿಯಿತ್ತು, ಕೂದಲು ಬಂದಿತ್ತು. ಅಜ್ಜಿ ಕತ್ತಿ ಬಿಸಾಡಿ ಎದ್ದು ಹೋದಳು. ಆ ಮಾಂಸವನ್ನು ಯಾರೂ ತಿನ್ನಲಿಲ್ಲ. ತಾತ ಪಡಸಾಲೆಯಲ್ಲಿ ಎಲೆ ಅಡಿಕೆ ಜಗಿಯುತ್ತ, "ಇವನ ಕೈ ನಡುಗಕ್ಕೆ ಶುರುವಾಗೈತೆ" ಎಂದು ಅಪ್ಪನನ್ನೇ ಬೈದ. ಅಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ.

ಚಿಕ್ಕಪ್ಪನಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ. ರಂಗ ಎಂದು ಅವನ ಹೆಸರು. ಮದುವೆಯಾಗಿ ವರ್ಷವಾಗಿರಲಿಲ್ಲ. ಬಾಯಿ ತೆಗೆದರೆ ತಮಾಷೆ. ಮನೆಯಲ್ಲಿ ನಗು ಎನ್ನುವುದೇನಾದರೂ ಇದ್ದರೆ ಅವನದು. ಅವನು ತಾತನ ಎದುರಿಗೇ ಹೋಗಿ, "ಅಪ್ಪ, ಇನ್ಮೇಲೆ ನೋಟ ನಂಗೆ ಬಿಡು" ಎಂದ. ತಾತ, "ನೋಟ ನಂದು, ಈಡು ಅವನ್ದು. ಮಧ್ಯ ನಿಂದೇನ್ಲಾ?" ಎಂದ. "ನಂದು ತಿನ್ನೋದು" ಎಂದು ನಗಾಡಿಕೊಂಡೇ ಒಳಗೆ ಬಂದ ಚಿಕ್ಕಪ್ಪ, ಅಡುಗೆಮನೆಗೆ ಬರುವ ಹೊತ್ತಿಗೆ ನಗುತ್ತಿರಲಿಲ್ಲ. ಒಲೆಯ ಮುಂದೆ ಅಜ್ಜಿ, ನಮ್ಮವ್ವ, ಚಿಕ್ಕಮ್ಮ, ನಾನು ಇದ್ದೆವು. ಅವನು ಮತ್ತೆ ಪಡಸಾಲೆಗೆ ಹೋಗಿ, ತಾತ ಅತ್ತ ತಿರುಗಿದಾಗ ಗೋಡೆಯಿಂದ ಒಂದು ಜೊತೆ ಕೊಂಬು ಇಳಿಸಿಕೊಂಡು ಬಂದ. ಟವಲಿನಲ್ಲಿ ಅದನ್ನು ತಲೆಗೆ ಕಟ್ಟಿ, ಕರಿಕಂಬಳಿ ಹೊದ್ದು, ನಮ್ಮ ಮುಂದೆ ಬಗ್ಗಿ ನಿಂತ.

"ಅವ್ವ, ಸರಿಯಾಗಿ ನೋಡು. ಮೂರು ಸುತ್ತು ಐತಾ?"

"ಕೊಂಬೇನೋ ಚೆನ್ನಾಗೈತೆ, ಮೂತಿನೇ ಹೋತದ್ದು" ಎಂದಳು ಅಜ್ಜಿ. ಚಿಕ್ಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಆಗ ಹೇಳಿದ. ನಾಳೆ ಅವರಿಬ್ಬರಿಗಿಂತ ಮುಂಚೆ ಕಾವಲಿಗೆ ಹೋಗುತ್ತಾನಂತೆ. ಅವರು ಕೂರುವ ಕಟ್ಟೆಯ ಎದುರು ತಂಗಡಿ ಗಿಡದ ನಡುವೆ ಹೀಗೇ ನಿಲ್ಲುತ್ತಾನಂತೆ. "ಅಪ್ಪ ಸೈ ಅನ್ಲಿ. ಅಂದ ತಕ್ಷಣ ಎದ್ದು ಕುಣಿದುಬಿಡ್ತೀನಿ. ಆಮೇಲೆ ಯಾವ ಮುಖ ಇಟ್ಕಂಡು ನೋಟಕ್ಕೆ ಬತ್ತಾನೆ?"

ನಮ್ಮವ್ವ ಮುದ್ದೆ ತಿರುವುತ್ತಿದ್ದವಳು ಕೋಲು ನಿಲ್ಲಿಸಿದಳು. "ಬ್ಯಾಡ ಕಣಪ್ಪ. ನಿಮ್ಮಣ್ಣನ ಕೈಲಿ ಕೋವಿ ಇರ್ತದೆ."

"ಅಣ್ಣಂಗೆ ಕಣ್ಣಿಲ್ವಾ ಅತ್ತಿಗೆ? ನಾನು ಅಂತ ಗೊತ್ತಾಗಲ್ವಾ?"

"ಅವರಿಗಾದ್ರೂ ಒಂದ್ ಮಾತು ಹೇಳಿರು."

"ಅಣ್ಣಂಗೆ ಹೇಳಿದ್ರೆ ಆಯ್ತು ಕತೆ. ಅವನ ಮುಖ ನೋಡೇ ಅಪ್ಪ ಕಂಡು ಹಿಡ್ದುಬಿಡ್ತಾನೆ."

"ನಿಮ್ಮಪ್ಪಂಗೆ ಮುಖ ಕಾಣಂಗಿದ್ದಿದ್ರೆ ಈ ಆಟ ಯಾಕಿತ್ತೋ?" ಎಂದಳು ಅಜ್ಜಿ. ಎಲ್ಲರೂ ನಕ್ಕೆವು. ಅವ್ವನೂ ನಕ್ಕಳು. ಆಮೇಲೆ ಅಜ್ಜಿ ಮೆಲ್ಲಗೆ, "ಹೋಗು, ಒಂದ್ಸಲ ಮಾನ ಹೋದ್ರೆ ಮನೇಲಿ ಬಿದ್ದಿರ್ತಾರೆ. ಇನ್ನೊಂದು ಬಸುರಿನ ಸಾಯ್ಸೋದು ಬ್ಯಾಡ" ಎಂದಳು. ಆ ಅಡುಗೆಮನೆಯಲ್ಲಿ ನಾವು ಎಲ್ಲರೂ ಒಟ್ಟಿಗೆ ನಕ್ಕದ್ದು ಅದೇ ಕಡೆ.

ಬೆಳಿಗ್ಗೆ ನಾನು ಅಂಗಳದಲ್ಲಿದ್ದೆ. ಅವ್ವ ಸಗಣಿ ನೀರು ಹಾಕಿ ರಂಗೋಲಿ ಬಿಡುತ್ತಿದ್ದಳು. ಚಿಕ್ಕಮ್ಮ ತಲೆಬಾಗಿಲಲ್ಲಿ ನಿಂತು, ಅವರು ಜಗಳವಾಡುತ್ತ ಬರುವುದನ್ನು ನೋಡಲು ಹಾದಿ ಕಾಯುತ್ತಿದ್ದಳು. ಮುಖದಲ್ಲಿ ನಗು ಹಾಗೇ ಇತ್ತು. ಆಗ ಕಾವಲಿನ ಕಡೆಯಿಂದ ಈಡಿನ ಸದ್ದು ಬಂತು. ಬೇರೆ ದಿನವಾಗಿದ್ದರೆ ನಮಗದು ಮಾಮೂಲು. ಆ ದಿನ ಆ ಸದ್ದು ಕೇಳಿಸಬಾರದಿತ್ತು. ಅವ್ವನ ಬೆರಳ ಸಂದಿಯಿಂದ ರಂಗೋಲಿ ಪುಡಿ ಒಂದೇ ಕಡೆ ಸುರಿದು ಗುಡ್ಡೆಯಾಯಿತು. ಅಜ್ಜಿ ಒಳಗಿನಿಂದ ಬಂದು ಅಲ್ಲೇ ನಿಂತಳು. ಚಿಕ್ಕಮ್ಮ, "ಅತ್ತೆ, ಬ್ಯಾರೆ ಯಾರಾದ್ರೂ ಹೊಡ್ದಿರಬೈದು, ಅಲ್ವಾ?" ಎಂದಳು.

ಅಲ್ಲಿ ನಡೆದದ್ದನ್ನು ಅಪ್ಪ ಬದುಕಿನಲ್ಲಿ ಒಂದೇ ಸಲ ಹೇಳಿದ, ಅದೂ ಸಾಯುವ ಮುಂಚೆ, ನನ್ನ ಹತ್ತಿರ. ಸೂರ್ಯ ಎದುರಿಗಿದ್ದ. ಮಂಜಿತ್ತು. ಗಿಡದ ಮೇಲೆ ಕರೀ ಬೆನ್ನು, ಕೊಂಬು. ಏನೋ ಸರಿಯಿಲ್ಲ ಎಂದು ಅಪ್ಪನಿಗೆ ಅನಿಸಿತ್ತು. ಬೆನ್ನು ಬಗ್ಗಿದ ರೀತಿ ಹುಲ್ಲೆಯದಲ್ಲ. "ಅಪ್ಪ, ಸೈನಾ?" ಎಂದು ಕೇಳಿದ, ಹಾಗೆ ಕೇಳುವುದೇ ಕಟ್ಟುಪಾಡಿಗೆ ವಿರುದ್ಧ. ತಾತನಿಗೆ ಹೆಣ್ಣು ಹುಲ್ಲೆಯ ಮಾತು ಮನಸ್ಸಿನಲ್ಲಿ ಕುಟುಕುತ್ತಿತ್ತೋ ಏನೋ, "ಎಷ್ಟು ದಿನದಿಂದ ಅನುಮಾನ ನಿಂಗೆ? ಮೂರು ಸುತ್ತು, ಕರೀದು, ಒಂಟಿ. ಸೈ!" ಎಂದ. ಅವನ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. ಕೊಂಬಿಗೆ ಮೂರು ಸುತ್ತಿತ್ತು, ಕಂಬಳಿ ಕಪ್ಪಗಿತ್ತು, ಚಿಕ್ಕಪ್ಪ ಒಬ್ಬನೇ ಇದ್ದ. ಅಪ್ಪ ಕಣ್ಣನ್ನು ಕೆಳಗಿಳಿಸಿ, ಅಂಗೈ ಅಗಲದ ಜಾಗ ಹುಡುಕಿ ಹೊಡೆದ. "ಬೆರಳು ಎಳೆದ ಮೇಲೆ ಅವನ ನಗು ಕೇಳಿಸ್ತು ಮಗಾ" ಎಂದ ಅಪ್ಪ. ಇಷ್ಟೇ. ಕಣ್ಣಿದ್ದವನು ನೋಡುವ ಹಾಗಿರಲಿಲ್ಲ, ನೋಡಬೇಕಾದವನಿಗೆ ಕಣ್ಣಿರಲಿಲ್ಲ. ಮರಿಗಳು ಉಳಿಯಲಿ ಎಂದು ಮಾಡಿದ ಕಟ್ಟುಪಾಡು ಅದು.

ಚಿಕ್ಕಪ್ಪನನ್ನು ಗಾಡಿಯಲ್ಲಿ ತಂದರು, ಅದೇ ಕಂಬಳಿ ಹೊದಿಸಿ. ತಾತ ಗಾಡಿಯ ಹಿಂದಿನ ಮರ ಹಿಡಿದುಕೊಂಡು ನಡೆದು ಬಂದ; ಹಿಡಿಯದಿದ್ದರೆ ದಾರಿ ಕಾಣುತ್ತಿರಲಿಲ್ಲ ಎಂದು ಆಗ ಊರಿಗೆಲ್ಲ ಗೊತ್ತಾಯಿತು. ಚಿಕ್ಕಮ್ಮ ಕೂಗಿಕೊಂಡದ್ದು ನಾನು ಹೇಳುವುದಿಲ್ಲ. ಅಜ್ಜಿ ಅಳಲಿಲ್ಲ. ತಾತನ ಎದುರು ನಿಂತು, "ಸೈ ಅಂದ್ರಾ?" ಎಂದು ಕೇಳಿದಳು. ತಾತ, "ಅಂದೆ" ಎಂದ. ಆಮೇಲೆ ಅವರಿಬ್ಬರೂ ಬದುಕಿದ್ದಷ್ಟು ವರ್ಷ ಅವಳು ಅವನಿಗೆ ಅನ್ನ ಇಟ್ಟಳು, ನೀರು ಕಾಯಿಸಿದಳು, ಮಾತಾಡಲಿಲ್ಲ. ಪೊಲೀಸರು ಬಂದಾಗ ತಾತ, "ನನ್ನೆಸರು ಬರ್ಕಳಿ, ಅವನು ನನ್ನ ಮಾತು ಕೇಳ್ದ ಅಷ್ಟೆ" ಎಂದು ಕೈ ಮುಂದೆ ಚಾಚಿದ. ಅವರು ಅಪ್ಪನನ್ನೂ ಕೋವಿಯನ್ನೂ ಕರೆದುಕೊಂಡು ಹೋದರು. ಅಪ್ಪ ಕೆಲವು ದಿನಕ್ಕೆ ಬಂದ, ಕೋವಿ ಬರಲಿಲ್ಲ. ಯಾರೂ ಕೇಳಲೂ ಇಲ್ಲ.

ಮಣ್ಣು ಮಾಡಿದ ಸಂಜೆ ತಾತ ಗೋಡೆ ಸವರಿ ಸವರಿ ಒಂದೊಂದೇ ಕೊಂಬನ್ನು ಕಿತ್ತ. ಕುಡುಗೋಲು, ತೆನೆ, ರುಮಾಲು ನೆಲಕ್ಕೆ ಬಿದ್ದವು. ಅಂಗಳದಲ್ಲಿ ತೆಂಗಿನ ಮಟ್ಟೆ ರಾಶಿ ಹಾಕಿ ಬೆಂಕಿ ಕೊಟ್ಟ. ಕೊಂಬು ಸೌದೆಯ ಹಾಗೆ ಉರಿಯುವುದಿಲ್ಲ. ಉಬ್ಬುತ್ತದೆ, ನೊರೆ ಬರುತ್ತದೆ, ನಾರುತ್ತದೆ. ಹಾಕುವ ಮುಂಚೆ ಪ್ರತಿಯೊಂದನ್ನೂ ಬೆರಳಿನಿಂದ ಬುಡದಿಂದ ತುದಿಯವರೆಗೆ ಮುಟ್ಟಿ ನೋಡುತ್ತಿದ್ದ. ಸುತ್ತು ನೋಡುತ್ತಿದ್ದನೋ, ಚಿಕ್ಕಪ್ಪ ಕಟ್ಟಿಕೊಂಡದ್ದು ಯಾವುದೆಂದು ಹುಡುಕುತ್ತಿದ್ದನೋ ಗೊತ್ತಿಲ್ಲ. ಅದು ಅಲ್ಲಿರಲಿಲ್ಲ. ಅದನ್ನು ಪೊಲೀಸರು ಒಯ್ದಿದ್ದರು. ಆ ವಾಸನೆ ನಮ್ಮ ರೊಟ್ಟಿಯಲ್ಲಿ, ಹೊದಿಕೆಯಲ್ಲಿ, ನನ್ನ ಜಡೆಯಲ್ಲಿ ಬಹಳ ದಿನ ಇತ್ತು. ಚಿಕ್ಕಮ್ಮನನ್ನು ಅವಳ ಅಣ್ಣ ಬಂದು ಗೆಂಡೆಹಳ್ಳಿಗೆ ಕರೆದುಕೊಂಡು ಹೋದ. ತಾತ ಪೂರಾ ಕುರುಡನಾಗಿ ಸತ್ತ. ಈಗ ಆ ಮನೆಯಿಲ್ಲ. ಅದಿದ್ದ ಜಾಗದಲ್ಲಿ ಯಾರದೋ ಕೊಬ್ಬರಿ ಗೋದಾಮಿದೆ. ಕಾವಲಿನ ಅರ್ಧಕ್ಕೆ ನೀಲಗಿರಿ ನೆಟ್ಟಿದ್ದಾರೆ.

ಮೊನ್ನೆ ಚಿಕ್ಕಮ್ಮ ಹೋದಳು. ಅವಳ ತಿಥಿಗೆ ಗೆಂಡೆಹಳ್ಳಿಗೆ ಹೋಗಿದ್ದೆ. ಮತ್ತೆ ಮದುವೆಯಾಗಿರಲಿಲ್ಲ, ಅಣ್ಣನ ಮಕ್ಕಳೇ ಕಾರ್ಯ ಮಾಡಿದರು. ಎಡೆ ಇಟ್ಟಾಗ ಅವಳ ಮುಖ ನೆನಪು ಮಾಡಿಕೊಳ್ಳಲು ನೋಡಿದೆ. ತಲೆಬಾಗಿಲಲ್ಲಿ ನಗುತ್ತ ನಿಂತದ್ದೇ ಬಂತು. ಅವಳಿಗೆ ಬೇರೆ ಮುಖವೇ ಇರಲಿಲ್ಲವೇನೋ ಎನ್ನುವ ಹಾಗೆ. ಮಾರನೇ ದಿನ ಹಳೇಬೀಡಿನ ಮೇಲೆ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆ. ಜಾವಗಲ್ ದಾಟಿದ ಮೇಲೆ ಬಸ್ಸು ಎಲ್ಲೋ ಬಯಲಿನಲ್ಲಿ ಕೆಟ್ಟು ನಿಂತಿತು. ಡ್ರೈವರ್ ಕೆಳಗಿಳಿದು ಏನೋ ಬಡಿಯುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ, "ಅಜ್ಜಿ, ಅಲ್ನೋಡಿ, ಕೃಷ್ಣಮೃಗ! ಎಷ್ಟ್ ಚೆನ್ನಾಗಿದೆ ಅಲ್ವಾ?" ಎಂದು ಫೋನೆತ್ತಿ ಫೋಟೋ ತೆಗೆಯಲು ಹೋದಳು. ಕಟಾವಾದ ರಾಗಿ ಹೊಲದಾಚೆ, ತಂಗಡಿ ಗಿಡದ ಮರೆಯಲ್ಲಿ ಒಂದು ಗಂಡು. ಕರೀದು. ಒಂಟಿ. ಕೊಂಬಿಗೆ ಮೂರು ಸುತ್ತು ಪೂರ್ತಿ ಬಂದಿತ್ತು. ನನಗೆ ಪೊರೆ ತೆಗೆಸಿದ್ದಾರೆ, ಚೆನ್ನಾಗಿ ಕಾಣುತ್ತದೆ. ಆದರೆ ನಾನು ನೋಡುತ್ತಿದ್ದದ್ದು ಕೊಂಬನ್ನಲ್ಲ. ಅದು ಗಿಡದ ಮರೆಯಿಂದ ಈಚೆ ಬರುವವರೆಗೂ ಉಸಿರು ಹಿಡಿದು ಕೂತಿದ್ದೆ. ಬಂತು. ಕಾಲು ನೋಡಿದೆ.

ನಾಲ್ಕಿದ್ದವು.