ಹೌದು ಎನ್ನುವವರೆಗೆ ಮತದಾನ

ನಮ್ಮ ಮನೆಯಲ್ಲಿ ಯುರೋಪಿನ ಬಗ್ಗೆ ಮೊದಲ ಮತದಾನ ನಡೆದದ್ದು ಒಂದು ಭಾನುವಾರ, ಇಗರ್ಜಿಯಿಂದ ಬಂದು ಊಟ ಮುಗಿಸಿದ ಮೇಲೆ. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂದಿನ ಸಾಲಿನಲ್ಲಿ ಏಳನೇ ಮಹಡಿಯ ಫ್ಲ್ಯಾಟು ನಮ್ಮದು. ಮತದಾರರು ನಾಲ್ವರು: ನಾನು, ನನ್ನ ಹೆಂಡತಿ, ಹತ್ತನೇ ತರಗತಿಯಲ್ಲಿದ್ದ ಮಗಳು, ಮತ್ತು ನಮ್ಮೊಡನೆಯೇ ಇದ್ದ ಅತ್ತೆ. ಪೋರ್ಚುಗಲ್ಲಿನ ಪೌರತ್ವಕ್ಕೆ ಅರ್ಜಿ ಹಾಕಿ ಯುರೋಪಿಗೆ ಹೋಗಬೇಕೋ ಬೇಡವೋ ಎಂಬುದು ಪ್ರಶ್ನೆ.

ಈ ಪ್ರಶ್ನೆ ಹುಟ್ಟಿದ್ದು ಅತ್ತೆಯಿಂದಾಗಿ. ಅವರು ಹುಟ್ಟಿದ್ದು ಗೋವಾದಲ್ಲಿ, ಅದೂ ಪೋರ್ಚುಗೀಸರ ಕಾಲದಲ್ಲಿ. ಆಮೇಲೆ ಮದುವೆಯಾಗಿ ಕಾರವಾರಕ್ಕೆ ಬಂದರು. ಆ ಕಾಲದಲ್ಲಿ ಅಲ್ಲಿ ಹುಟ್ಟಿದವರೂ ಅವರ ಮಕ್ಕಳು ಮೊಮ್ಮಕ್ಕಳೂ ಅರ್ಜಿ ಹಾಕಿದರೆ ಪೋರ್ಚುಗಲ್ಲಿನ ಪಾಸ್‌ಪೋರ್ಟು ಸಿಗುತ್ತದೆಂದು ನನಗೆ ತಿಳಿದದ್ದು ತಡವಾಗಿ. ನಾನು ಉಡುಪಿ ಕಡೆಯವನು. ಎಂದೋ ಗೋವಾದಿಂದ ವಲಸೆ ಬಂದ ನಮ್ಮ ವಂಶದವರನ್ನು ಪೋರ್ಚುಗೀಸರು ಆಳಿದ್ದರೂ ಪ್ರಯೋಜನಕ್ಕೆ ಬರುವಂಥ ಒಂದು ಕಾಗದವನ್ನೂ ಬಿಟ್ಟುಹೋಗಿರಲಿಲ್ಲ. ಎಲ್ಲವೂ ಅತ್ತೆಯ ಸಹಿಯ ಮೇಲೆ ನಿಂತಿತ್ತು.

ಸುಮ್ಮನೆ ಸಹಿ ಹಾಕಿ ಎಂದು ಕೇಳಬಹುದಿತ್ತು. ಆದರೆ ನನಗೆ ಆಗ ಪ್ರಜಾಪ್ರಭುತ್ವದ ಹುಚ್ಚು ಹತ್ತಿತ್ತು. ಹತ್ತಿಸಿದವರು ನಾನು ಕೆಲಸ ಮಾಡುವ ಆಸ್ಪತ್ರೆಯ ಹೆಡ್ ನರ್ಸ್, ಐರ್ಲೆಂಡಿನ ಹೆಂಗಸು. ನರ್ಸುಗಳ ಡ್ಯೂಟಿ ಪಟ್ಟಿ ತಯಾರಿಸುವುದು ನನ್ನ ಕೆಲಸವಾದ್ದರಿಂದ ದಿನಕ್ಕೊಮ್ಮೆ ಅವರೊಡನೆ ಕೂತು ಚಹಾ ಕುಡಿಯುವುದಿತ್ತು. ಒಂದು ದಿನ ತಮ್ಮ ಊರಿನ ಕಥೆ ಹೇಳಿದರು. ಯುರೋಪನ್ನು ಇನ್ನಷ್ಟು ಒಟ್ಟುಗೂಡಿಸುವ ಒಪ್ಪಂದವೊಂದನ್ನು ಸರಕಾರ ಜನರ ಮುಂದಿಟ್ಟಿತು. ಜನ ಬೇಡ ಎಂದರು. ಸ್ವಲ್ಪ ಸಮಯ ಬಿಟ್ಟು ಅದನ್ನೇ ಮತ್ತೆ ಕೇಳಿದರು. ಜನ ಸರಿ ಎಂದರು. ಅದಕ್ಕೂ ಕೆಲವು ವರ್ಷ ಮೊದಲು ಬೇರೊಂದು ಒಪ್ಪಂದಕ್ಕೂ ಹೀಗೆಯೇ ಆಗಿತ್ತಂತೆ. ಫ್ರಾನ್ಸಿನವರು, ಹಾಲೆಂಡಿನವರು ಬೇಡ ಎಂದಾಗ ಅವರನ್ನು ಎರಡನೇ ಸಲ ಕೇಳುವ ಗೋಜಿಗೇ ಹೋಗದೆ, ಕಾಗದಕ್ಕೆ ಹೊಸ ಹೆಸರಿಟ್ಟು ಪಾರ್ಲಿಮೆಂಟಿನಲ್ಲಿ ದಾಟಿಸಿದರಂತೆ.

ಎರಡನೇ ಸಲಕ್ಕೆ ಒಪ್ಪಂದದಲ್ಲಿ ಏನು ಬದಲಾಗಿತ್ತು ಎಂದು ಕೇಳಿದೆ.

"ಒಂದು ಅಲ್ಪವಿರಾಮವೂ ಬದಲಾಗಲಿಲ್ಲ," ಎಂದರು. "ಜೊತೆಗೆ ಒಂದಿಷ್ಟು ಭರವಸೆಯ ಕಾಗದ ಕೊಟ್ಟರು. ಅಷ್ಟರಲ್ಲಿ ಬ್ಯಾಂಕುಗಳು ಬಿದ್ದಿದ್ದವು, ನಮಗೆ ಹೆದರಿಕೆಯಾಗಿತ್ತು. ನಾನೂ ಹೆದರಿಯೇ ಹೌದು ಎಂದದ್ದು."

ಅವರು ಹೇಳಿದ್ದು ದೂರು. ನಾನು ಕೇಳಿಸಿಕೊಂಡದ್ದು ಉಪಾಯ.

ಡ್ಯೂಟಿ ಪಟ್ಟಿಯ ಹಾಳೆಗಳನ್ನು ಹರಿದು ಚೀಟಿ ಮಾಡಿದೆ. ಖಾಲಿ ಬಿಸ್ಕತ್ತಿನ ಡಬ್ಬಿ ಮತಪೆಟ್ಟಿಗೆಯಾಯಿತು. ಫಲಿತಾಂಶ: ಹೌದು ಒಂದು, ಬೇಡ ಮೂರು. ಗುಪ್ತ ಮತದಾನವಾದರೂ ಆ ಒಂದು ಯಾರದೆಂದು ಯಾರೂ ಕೇಳಲಿಲ್ಲ.

ಬೇಡ ಎಂದವರ ಬಳಿ ಕಾರಣ ಕೇಳುವುದೂ ಐರ್ಲೆಂಡಿನ ಪದ್ಧತಿಯೇ. ಶಾಲೆಯೊಂದರ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದ ಹೆಂಡತಿ, ಈ ವಯಸ್ಸಿನಲ್ಲಿ ಇನ್ನೊಂದು ಭಾಷೆ ಕಲಿಯಲು ತನ್ನಿಂದಾಗದು ಎಂದಳು. ಮಗಳಿಗೆ ಗೆಳತಿಯರೆಲ್ಲ ಇಲ್ಲೇ ಇದ್ದರು. ಅತ್ತೆ ಬಿಸ್ಕತ್ತಿನ ಡಬ್ಬಿಯನ್ನು ಆಚೆ ಸರಿಸಿ ಶುರುಮಾಡಿದರು. ನಾವು ಮಾತಾಡುವುದು ಕೊಂಕಣಿ; ಇಲ್ಲಿ ಅದನ್ನು ನಮ್ಮ ಕರಾವಳಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಾನು ಹತ್ತು ವರ್ಷದವಳಿದ್ದಾಗ ಒಂದು ಬೆಳಿಗ್ಗೆ ಎದ್ದು ನೋಡಿದ್ರೆ ಶಾಲೆಯ ಬಾವುಟ ಬೇರೆ ಉಂಟು. ನಿನ್ನೆ ಪೋರ್ಚುಗಲ್, ಇವತ್ತು ಭಾರತ. ಯಾರೂ ನಮ್ಮ ಹತ್ರ ಕೇಳ್ಲಿಲ್ಲ. ಅದಕ್ಕೆ ಮೊದಲು ನಾನೂರೈವತ್ತು ವರ್ಷವೂ ಯಾರೂ ಕೇಳ್ಲಿಲ್ಲ. ಈಗ ನೀವು ಕೇಳಿದ್ರಿ, ನಾನು ಬೇಡ ಅಂದೆ. ಮುಗೀತಲ್ಲ?"

"ಖಲಾಸ್," ಎಂದಳು ಮಗಳು.

ಮುಗಿದಿರಲಿಲ್ಲ. ಐದು ತಿಂಗಳು ಕಾದೆ. ಆಫೀಸಿನಲ್ಲಿ ಬಿಡುವಾದಾಗ ಒಂದು ಭರವಸೆ ಪತ್ರ ಟೈಪ್ ಮಾಡಿದೆ. ಪೋರ್ಚುಗಲ್ಲಿನ ಪಾಸ್‌ಪೋರ್ಟು ಹಿಡಿದು ಐರ್ಲೆಂಡಿಗೆ ಹೋಗಬಹುದು, ಅಲ್ಲಿ ಇಂಗ್ಲಿಷ್ ಸಾಕು. ಆದ್ದರಿಂದ ಹೆಂಡತಿ ಯಾವ ಭಾಷೆಯನ್ನೂ ಕಲಿಯಬೇಕಾಗಿಲ್ಲ. ಮಗಳಿಗೆ ಬೇಕಾದ ಕಾಲೇಜು, ಬಾಗಿಲಿಗೆ ಒಳಗಿನಿಂದ ಚಿಲಕವಿರುವ ಸ್ವಂತ ಕೋಣೆ. ಭಾರತದ ಪಾಸ್‌ಪೋರ್ಟು ಹೋದರೂ ಅತ್ತೆ ಬೇಕೆಂದಾಗ ಕಾರವಾರಕ್ಕೆ ಹೋಗಿಬರಲು ಬೇರೆ ಕಾರ್ಡು ಮಾಡಿಸಿಕೊಡಲಾಗುವುದು, ಮತ್ತು ಅವರಿಗೆ ಮಧ್ಯಾಹ್ನ ಬ್ರೆಡ್ಡು ತಿನ್ನುವ ಒತ್ತಾಯ ಯಾವ ಕಾಲಕ್ಕೂ ಇರುವುದಿಲ್ಲ. ಮೂಲ ಪ್ರಶ್ನೆಯನ್ನು ಮುಟ್ಟಲಿಲ್ಲ.

ಬ್ಯಾಂಕು ಬೀಳಿಸುವುದು ನನ್ನ ಕೈಯಲ್ಲಿರಲಿಲ್ಲ. ಆದರೆ ಅದೇ ಹೊತ್ತಿಗೆ ಆಸ್ಪತ್ರೆಯಲ್ಲಿ ಜನರನ್ನು ಕಡಿಮೆ ಮಾಡುತ್ತಾರೆಂಬ ಗಾಳಿಸುದ್ದಿ ಹಬ್ಬಿ ನಮ್ಮ ಮನೆಗೂ ಮುಟ್ಟಿತು. ವಿಚಾರಿಸಿದರೆ, ಬದಲಾಗುತ್ತಿದ್ದದ್ದು ಕ್ಯಾಂಟೀನಿನ ಗುತ್ತಿಗೆ ಮಾತ್ರ. ಮನೆಯಲ್ಲಿ ನಾನು ಸುಳ್ಳು ಹೇಳಲಿಲ್ಲ. ಒಂದು ವಾರ ಊಟದ ಮೇಜಿನಲ್ಲಿ ನಗದೆ ಕೂತೆ, ಅಷ್ಟೆ.

ಎರಡನೇ ಮತದಾನದಲ್ಲಿ ಹೌದು ನಾಲ್ಕು, ಬೇಡ ಸೊನ್ನೆ. ಭರವಸೆ ಪತ್ರದ ಪ್ರಭಾವ ಎಂದು ಬೀಗುತ್ತ ಅತ್ತೆಯನ್ನು ಮಾತಾಡಿಸಿದೆ.

"ನಾನು ಅದನ್ನು ಓದ್ಲೇ ಇಲ್ಲ," ಎಂದರು. "ಬೇಡ ಅಂದ್ರೆ ನೀವು ಮತ್ತೊಂದು ಭಾನುವಾರ ಈ ಡಬ್ಬಿ ತರ್ತೀರಿ. ನನಗೆ ಊಟ ಆದ್ಮೇಲೆ ಸ್ವಲ್ಪ ಮಲಗ್ಲಿಕ್ಕೆ ಬಿಡಿ."

ಹೀಗೆ ಸಹಿ ಬಿತ್ತು. ಕಾಗದಗಳು ಪಣಜಿಯ ಏಜೆಂಟನ ಕೈ ಸೇರಿದವು. ಅತ್ತೆಯ ಹೆಸರು ಜನನ ದಾಖಲೆಯಲ್ಲಿ ಒಂದು ತರ, ಮದುವೆಯ ದಾಖಲೆಯಲ್ಲಿ ಇನ್ನೊಂದು ತರ, ಪಾಸ್‌ಪೋರ್ಟಿನಲ್ಲಿ ಮತ್ತೊಂದು ತರ ಇತ್ತು. ಈ ಮೂವರೂ ಒಬ್ಬರೇ ಎಂದು ಲಿಸ್ಬನ್ನಿಗೆ ಒಪ್ಪಿಸಲು ಎರಡು ವರ್ಷ ಹಿಡಿಯಿತು. ಕೊನೆಗೆ ಮೊದಲು ಅತ್ತೆ, ಆಮೇಲೆ ಹೆಂಡತಿ, ಅವಳ ಹಿಂದೆ ಮಗಳು ಯುರೋಪಿನವರಾದರು. ಡೈನಿಂಗ್ ಟೇಬಲ್ಲಿನಲ್ಲಿ ಭಾರತದವನಾಗಿ ಉಳಿದವನು ನಾನೊಬ್ಬನೇ.

ಐರ್ಲೆಂಡಿಗೆ ನಾನು ಯಾವ ಲೆಕ್ಕದಲ್ಲಿ ಹೋಗುತ್ತೇನೆಂದು ಹೆಡ್ ನರ್ಸಿನ ಬಳಿ ವಿಚಾರಿಸಿದ್ದು ಆಗ. ಯುರೋಪಿನ ಪ್ರಜೆಯ ಗಂಡ ಎಂಬ ಲೆಕ್ಕದಲ್ಲಿ ಎಂದರು. ಹೆಂಡತಿ ಅಲ್ಲಿ ಕೆಲಸ ಹಿಡಿಯಬೇಕು, ಅವಳ ಆಧಾರದಲ್ಲಿ ನನಗೆ ಇರಲು ಅನುಮತಿ.

ಇಪ್ಪತ್ತು ವರ್ಷದಿಂದ ಹೆಂಡತಿಯ ವೀಸಾದಲ್ಲಿ ಸ್ಪಾನ್ಸರ್, ಅಂದರೆ ಅವಳು ಇಲ್ಲಿರಲು ಆಧಾರ, ಎಂದು ಇದ್ದದ್ದು ನನ್ನ ಹೆಸರು. ಮಗಳದ್ದೂ ಅತ್ತೆಯದ್ದೂ ಹಾಗೆಯೇ. ಮನೆಯ ಯಾವುದೇ ವಾದದಲ್ಲಿ ನಾನು ಅದನ್ನು ಬಾಯಿಬಿಟ್ಟು ಹೇಳಿದವನಲ್ಲ. ಹೇಳದೆಯೂ ಅದು ನನ್ನ ಪಕ್ಕದಲ್ಲಿ ಕೂತಿರುತ್ತಿತ್ತು. ಈಗ ಅದು ಎದ್ದು ಆಚೆ ಕುರ್ಚಿಗೆ ಹೋಗುವುದರಲ್ಲಿತ್ತು.

ನನಗೆ ಒಮ್ಮೆಲೇ ದೇಶಗಳ ಸಾರ್ವಭೌಮತ್ವದ ಮೇಲೆ ಪ್ರೀತಿ ಉಕ್ಕಿತು. ಬ್ರಸೆಲ್ಸಿನಲ್ಲಿ ಕೂತು ಕಾನೂನು ಬರೆಯುವವರನ್ನು ಆರಿಸಿದವರಾರು ಎಂದು ಊಟದ ನಡುವೆ ಕೇಳತೊಡಗಿದೆ. ಇಂಗ್ಲೆಂಡಿನವರು ಒಕ್ಕೂಟದಿಂದ ಹೊರಗೆ ಹೋದದ್ದು ಸುಮ್ಮನೆ ಅಲ್ಲ ಎಂದೆ. ಯುರೋಪಿನಲ್ಲಿ ಹುಟ್ಟಿದವರಿಗೆ ಯುರೋಪಿನ ಮೇಲಿರುವ ಅಷ್ಟೂ ಅನುಮಾನ, ಅಲ್ಲಿ ಒಂದು ಹೆಜ್ಜೆಯನ್ನೂ ಇಡದ ನನ್ನಲ್ಲಿ ಬಂದು ಬಿಡಾರ ಹೂಡಿತು. ಮೂರನೇ ಮತದಾನ ಆಗಬೇಕೆಂದು ಸೂಚಿಸಿದೆ.

"ಡ್ಯಾಡಿ, ಯೂ ಗಾಟ್ ಯುವರ್ ಯೆಸ್," ಎಂದಳು ಮಗಳು, ಫೋನಿನಿಂದ ತಲೆಯೆತ್ತದೆ. "ಯೆಸ್ ಬಂದ ಮೇಲೆ ಯಾರೂ ಮತ್ತೆ ಕೇಳುವುದಿಲ್ಲ."

ಹೆಂಡತಿ ನನ್ನ ತಟ್ಟೆಗೆ ಸಾರು ಬಡಿಸುತ್ತ, ನನಗೆ ಬೇಡವಾದರೆ ಇಲ್ಲೇ ಇರಬಹುದು, ಬಲವಂತವಿಲ್ಲ ಎಂದಳು. ಭಾಷೆ ಕಲಿಯಲಾಗದು ಎಂದಿದ್ದವಳು ಆ ಹೊತ್ತಿಗೆ ವೃದ್ಧರ ಆರೈಕೆಯ ಕೋರ್ಸು ಮುಗಿಸಿ, ಹೆಡ್ ನರ್ಸಿನ ಊರಿನ ಹತ್ತಿರದ ವೃದ್ಧಾಶ್ರಮವೊಂದರಿಂದ ಕೆಲಸದ ಪತ್ರವನ್ನೂ ತರಿಸಿಕೊಂಡಿದ್ದಳು. ನನಗೆ ಅದು ಗೊತ್ತಾದದ್ದೂ ಅದೇ ಸಾರಿನ ಜೊತೆಗೆ.

ಆ ಬೇಸಿಗೆಯಲ್ಲೇ ಯುರೋಪಿನ ಪಾರ್ಲಿಮೆಂಟಿಗೆ ಚುನಾವಣೆ ಬಂತು. ಅಬುಧಾಬಿಯಲ್ಲಿರುವ ಪೋರ್ಚುಗಲ್ಲಿನ ರಾಯಭಾರ ಕಚೇರಿಯಲ್ಲೇ ಓಟು ಹಾಕಬಹುದೆಂದು ತಿಳಿದಾಗ ಅತ್ತೆ ಪೆಟ್ಟಿಗೆಯಿಂದ ಮದುವೆಗಳಿಗೆ ಉಡುವ ಸೀರೆ ತೆಗೆದರು. ಕಾರಿನಲ್ಲಿ ಕರೆದುಕೊಂಡು ಹೋದೆ. ನನ್ನನ್ನು ಒಳಗೆ ಬಿಡುವ ಕಾರಣವಿಲ್ಲದ್ದರಿಂದ ಎಸಿ ಹಾಕಿಕೊಂಡು ಕಾರಿನಲ್ಲೇ ಕೂತೆ. ಅರ್ಧ ಗಂಟೆಯಾದ ಮೇಲೆ ಮುಖ ಅರಳಿಸಿಕೊಂಡು ಬಂದರು. ಚಿಕ್ಕಂದಿನಲ್ಲಿ ಕಲಿತ ಪೋರ್ಚುಗೀಸಿನಲ್ಲಿ ನಮಸ್ಕಾರ ಹೇಳಿದರಂತೆ. ಅಲ್ಲಿದ್ದ ಹುಡುಗಿ ಎದ್ದು ನಿಂತು ಕೈ ಹಿಡಿದುಕೊಂಡಳಂತೆ.

ಯಾರಿಗೆ ಹಾಕಿದಿರಿ ಎಂದು ಕೇಳಿದೆ.

"ಉದ್ದಕ್ಕೆ ಪಾರ್ಟಿಗಳ ಪಟ್ಟಿ ಕೊಟ್ರು. ಬೇಡ ಅನ್ಲಿಕ್ಕೆ ಜಾಗ ಎಲ್ಲಿ ಅಂತ ಕೇಳಿದೆ. ಈ ಕಾಗದದಲ್ಲಿ ಹಾಗೆ ಇಲ್ಲ, ಅಮ್ಮ ಅಂದ್ಳು. ಪಾಪ, ಅಷ್ಟು ಪ್ರೀತಿಯಿಂದ ಮಾತಾಡ್ಸಿದ್ಳು, ಬೇಜಾರು ಮಾಡುದು ಬೇಡ ಅಂತ ಎಲ್ಲರಿಗೂ ಒಂದೊಂದು ಗೀಟು ಹಾಕಿ ಬಂದೆ."

ಆ ಓಟು ಎಣಿಕೆಗೆ ಬರುವುದಿಲ್ಲವೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮನೆ ಮುಟ್ಟುವವರೆಗೂ ಅವರು ಆ ಹುಡುಗಿಯ ಸುದ್ದಿಯನ್ನೇ ಹೇಳುತ್ತಿದ್ದರು.

ಮಗಳ ಶಾಲೆ ಮುಗಿದ ಕೂಡಲೇ ಹೆಂಡತಿ, ಮಗಳು ಇಬ್ಬರೂ ಹೊರಟರು. ಅತ್ತೆ ಮತ್ತು ನಾನು ಹಿಂದಿನಿಂದ ಹೋಗುವುದೆಂದು ತೀರ್ಮಾನ. ತೀರ್ಮಾನ ಮಾಡಿದವಳು ಹೆಂಡತಿ. ಕಳೆದ ವಾರ ನನ್ನ ಕಾಗದಗಳನ್ನು ತುಂಬಿಸಲು ಬೀದಿಯ ಕೊನೆಯ ಟೈಪಿಂಗ್ ಸೆಂಟರಿಗೆ ಹೋಗಿದ್ದೆ. ಅಲ್ಲಿನ ಮಲಯಾಳಿ ನನ್ನನ್ನು ಬಹಳ ವರ್ಷಗಳಿಂದ ಬಲ್ಲವನು. ಹೆಂಡತಿಯ ವೀಸಾ ನವೀಕರಣದ ಅರ್ಜಿಗಳನ್ನೆಲ್ಲ ತುಂಬಿದವನು ಅವನೇ. ಯಾರ ಆಧಾರದಲ್ಲಿ ಹೋಗುತ್ತಿದ್ದೀರಿ ಎಂಬಲ್ಲಿ ಬಂದು ನಿಂತ.

"ಸ್ಪಾನ್ಸರ್ ಯಾರು, ಸರ್?"

ಹೆಂಡತಿಯ ಹೆಸರು ಹೇಳಿದೆ. ಅವನು ನನ್ನ ಮುಖವನ್ನೊಮ್ಮೆ ನೋಡಿ, ಎರಡು ಬೆರಳಿನಿಂದ ಟೈಪ್ ಮಾಡತೊಡಗಿದ. ನಾನು ಪಕ್ಕದಲ್ಲಿ ನಿಂತು ಒಂದೊಂದೇ ಅಕ್ಷರ ಹೇಳಿಕೊಟ್ಟೆ.